ಬಳುವಳಿ ಕುರಿ

ಭತ್ತ ಕೊಯ್ದ ಗದ್ದೆಯ ಕೂಳೆ ಹಿಮ್ಮಡಿಗೆ ಚುಚ್ಚುತ್ತಿದೆ, ಚುಚ್ಚಲಿ, ವರ್ಷಗಟ್ಟಲೆ ಚುಚ್ಚಿಸಿಕೊಂಡ ಹಿಮ್ಮಡಿ, ಮಹೇಶ್ವರಿಗೆ ಅದರ ಕಡೆ ಗಮನವೇ ಇಲ್ಲ, ಕಣ್ಣೆಲ್ಲ ಗ್ಯಾನಮ್ಮನ ಮೇಲೆ — ಪಾಪ, ಗಂಡ ಮೊನ್ನೆ ಮೊನ್ನೆ ತೀರಿಕೊಂಡ, ಆಗಲೇ ಮೈದುನ ಯಮನೂರಪ್ಪ ಕುರಿಯೆಲ್ಲ ನನ್ನವು ಎಂದು ಎದೆ ಸೆಟೆಸಿ ನಿಂತಿದ್ದಾನೆ, ಹೆಣ್ಣಮಕ್ಕಳಿಗೆ ಎಲ್ಲೀ ಕುರಿರೀ ಎಂದು ಹಿರಿಯ ನರಸಣ್ಣನೂ ಅಂದುಬಿಟ್ಟ, ಗೊರೇಬಾಳದ ಈ ಗದ್ದೆಯಲ್ಲಿ, ಬಲೆ ಕಟ್ಟಿ ಕುರಿ ತರುಬಿದ ಹಟ್ಟಿಯ ಮುಂದೆ, ಕುಲದ ಹಿರಿಯರೆಲ್ಲ ಕೂತಿರುವಾಗ. ಇದೇ ಮಾತನ್ನು ಹಿಂದೆ ಮಹೇಶ್ವರಿಯ ಪಿಎಚ್‌ಡಿ ಮಾರ್ಗದರ್ಶಕರೂ ಅಂದಿದ್ದರು, ಪುಸ್ತಕದ ಕನ್ನಡದಲ್ಲಿ ಅಷ್ಟೇ, ಕುರುಬರಲ್ಲಿ ಮಹಿಳೆಗೆ ಕುರಿಯ ಒಡೆತನವಿಲ್ಲ ಎಂದು ಎಲ್ಲರೂ ಬರೆದಿದ್ದಾರಲ್ಲಮ್ಮ — ಬರೆದಿರಬಹುದು ಸರ್, ರುಮಾಲು ಸುತ್ತಿದವರನ್ನಷ್ಟೇ ಕೇಳಿ ಬರೆದಿದ್ದಾರೆ, ನಾನು ಗುರುಗುಂಟಾದ ಕುರುಬರ ಮಗಳು, ಅವ್ವನ ಕುರಿಯ ಕಿವಿ ಮುಟ್ಟಲಿಕ್ಕೂ ಅಪ್ಪ ಅವ್ವನನ್ನು ಕೇಳುತ್ತಿದ್ದ. ಕುರಿಹಟ್ಟಿಯಿಂದ ಮಾನವಶಾಸ್ತ್ರಕ್ಕೆ ಹೋದ ಮೊದಲ ಹೆಣ್ಣು ಅವಳು, ಹಾಗಂತ ಯಾರೂ ಆರತಿ ಎತ್ತಲಿಲ್ಲ, ಪ್ರತಿ ಸುಗ್ಗಿ ಮುಗಿದ ಮೇಲೆ ವಲಸೆ ಹೊರಟ ಕುರಿಹಟ್ಟಿಯ ಹಿಂದೆ ನಡೆದಳು, ಗುರುಗುಂಟಾದ ಒಣನೆಲದಿಂದ ಮಸ್ಕಿಯ ಗುಡ್ಡ ಹಾದು ಸಿಂಧನೂರಿನ ಕಾಲುವೆ ಸೀಮೆಗೆ, ಲಿಂಗಸುಗೂರಿನ ಬಸ್‌ಸ್ಟ್ಯಾಂಡಿನಲ್ಲಿ ಅವಳ ಸೀರೆಯ ಕುರಿ ವಾಸನೆಗೆ ಜನ ಮೂಗು ಮುಚ್ಚಿ ಸರಿದು ಕೂರುತ್ತಿದ್ದರು, ಜಾಗ ಸಿಕ್ಕಿತಲ್ಲ ಎಂದು ಅವಳು ಕಾಲು ಚಾಚುತ್ತಿದ್ದಳು — ಆ ನಡಿಗೆಯಲ್ಲೇ ಗ್ಯಾನಮ್ಮ ಸಿಕ್ಕಿದ್ದು, ಆಗಿನ್ನೂ ಹೊಸ ಸೊಸೆ, ಬಗಲಲ್ಲಿ ತವರಿನವರು ಬಳುವಳಿ ಕೊಟ್ಟ ಒಂದು ಹೆಣ್ಣುಕುರಿ, ಅಕ್ಕಾ ಇದು ನಂದು, ಇದರ ಹೊಟ್ಟ್ಯಾಗ ಹುಟ್ಟಿದ್ದೂ ನಂದೇ, ಉಪ್ಪು ನಾನೇ ನೆಕ್ಕಸ್ತೀನಿ, ನಾ ಕೂಗಿದ್ರ ಇವಷ್ಟೇ ಬರತಾವ, ಬ್ಯಾರೇವು ಒಂದೂ ಬರಂಗಿಲ್ಲ. ಮಹೇಶ್ವರಿಯ ಪುಸ್ತಕ ನಿಂತಿರುವುದೇ ಆ ಮಾತಿನ ಮೇಲೆ, ದೂರದೂರದ ವಿಶ್ವವಿದ್ಯಾಲಯಗಳಲ್ಲಿ ಅದನ್ನು ಪಾಠ ಮಾಡುತ್ತಾರೆ, ಆದರೆ ಪುಸ್ತಕ ತೋರಿಸಿದರೆ ಯಮನೂರಪ್ಪ ಕುರಿ ಬಿಟ್ಟಾನೇ, ಅದಕ್ಕೇ ಅವಳೇ ಎದ್ದು ಹೇಳಿದ್ದು, ಅಂಗೈ ಹುಣ್ಣಿಗೆ ಕನ್ನಡಿ ಯಾಕರೀ, ಗ್ಯಾನಮ್ಮ ಕೂಗಲಿ, ಬಂದವು ಆಕಿವು, ಉಳಿದವು ಆತನವು. ಹಿರಿಯರು ಆಗಲಿ ಅಂದರು, ಹಟ್ಟಿಯ ಬಲೆ ತೆಗೆದರು.

ಗ್ಯಾನಮ್ಮ ಕೂಗಿದಳು, ಒಂದು ಕುರಿಯೂ ತಲೆ ಎತ್ತಲಿಲ್ಲ. ಪುಸ್ತಕದಾಗಿನ ಕುರಿ ಬ್ಯಾರೆ, ಹಟ್ಟ್ಯಾಗಿನ ಕುರಿ ಬ್ಯಾರೆ ಬಿಡ್ರಿ ಮೇಡಂ, ಯಮನೂರಪ್ಪ ಹಲ್ಲು ಕಿರಿಯುತ್ತಾನೆ, ಮಹೇಶ್ವರಿಗೆ ಒಂದೇ ಚಿಂತೆ, ತನ್ನ ಪುಸ್ತಕ ಹಾಳಾಗಿ ಹೋಗಲಿ, ಈ ಹೆಣ್ಣಿನ ಬದುಕು ತನ್ನ ಬಾಯಿಂದಲೇ ಹೋಯಿತಲ್ಲ — ಆದರೆ ಇದೂ ಒಂದು ಕೂಗೇನು, ಮಲಗಿದ ಕೂಸು ಏಳಬಾರದೆಂದು ಪಿಸುಗುಟ್ಟಿದ ಹಾಗೆ, ಬಯಲಲ್ಲಿ ಇವಳು ಕೂಗಿದರೆ ಕಾಲುವೆಯಾಚೆಯ ಕೊಕ್ಕರೆ ಏಳುತ್ತಿದ್ದವು, ಈಗ ಸೆರಗು ಹಣೆಗಿಳಿದಿದೆ, ಕಣ್ಣು ನೆಲದಲ್ಲಿದೆ, ಎದುರಿಗೆ ಯಾರು ಕೂತಿದ್ದಾರೆ, ಮಾವ, ಭಾವ, ಗಂಡನ ದೊಡ್ಡಪ್ಪ ನರಸಣ್ಣ — ಅಯ್ಯೋ ನನ್ನ ಬುದ್ಧಿಗಿಷ್ಟು, ಅತ್ತೆಮನೆಯ ಹಿರಿಯರ ಮುಖದ ಮುಂದೆ ಸೊಸೆ ದನಿ ಎತ್ತುವುದುಂಟೇ, ಇದನ್ನೂ ಬರೆದವಳು ನಾನೇ, ಅವರೆದುರಿಗೆ ನಿಲ್ಲಿಸಿದವಳೂ ನಾನೇ. ಮಹೇಶ್ವರಿ ಮುಂದೆ ಬಂದಳು, ದೊಡ್ಡಪ್ಪಾರ, ಎಲ್ಲಾರೂ ಎದ್ದು ಮಾರಿ ಹಟ್ಟಿ ಕಡೆ ಮಾಡ್ರಿ, ಆಕಿ ನಿಮ್ಮ ಬೆನ್ನ ಹಿಂದ ನಿಂದರತಾಳ. ಯಾಕವ್ವಾ. ಬೆನ್ನಿಗೆ ಕಣ್ಣಿಲ್ರಿ, ಬೆನ್ನಿನ ಮುಂದ ಸೆರಗು ಬ್ಯಾಡ. ನರಸಣ್ಣ ಅವಳನ್ನೇ ನೋಡಿದ, ಮೀಸೆಯೊಳಗೇ ನಕ್ಕ, ತಿರುಗಿದ, ಅವನ ಹಿಂದೆ ಉಳಿದ ರುಮಾಲುಗಳೂ ತಿರುಗಿದವು, ಮಹೇಶ್ವರಿ ಅಂದಳು, ಕೂಗಬೇ ಗ್ಯಾನವ್ವ, ಈಗ ಬಯಲಾಗ ನಾವಿಬ್ಬರೇ ಅದೀವಿ.

ಸೆರಗು ಭುಜಕ್ಕೆ ಬಿತ್ತು, ಹೋವ್ ಬಾ, ಹೋವ್, ಗದ್ದೆಯ ಉದ್ದಕ್ಕೂ ಹರಿಯಿತು ದನಿ, ಒಂದು ಕಿವಿ ನಿಮಿರಿತು, ಅದರ ಪಕ್ಕದ್ದು, ಮಂದೆಯ ನಡುವಿನಿಂದ ಒಂದು ಮುದಿ ಕುರಿ ದಬ್ಬಿಕೊಂಡು ಹೊರಬಂತು, ಹಿಂದೆ ಮಕ್ಕಳು, ಮೊಮ್ಮಕ್ಕಳು, ಉಳಿದವು ಮೆಲುಕು ಹಾಕುತ್ತ ಮಲಗೇ ಇವೆ, ನೋಡಿ ಸರ್, ಎಲ್ಲಿದ್ದೀರಿ ಸರ್, ಬಂದು ನೋಡಿ, ಮಹೇಶ್ವರಿಗೆ ಈ ವಯಸ್ಸಿನಲ್ಲಿ ಕುಣಿಯಬೇಕೆನಿಸುತ್ತಿದೆ, ಯಮನೂರಪ್ಪ ಒಂದರ ಕಾಲು ಹಿಡಿದ, ಅದು ಅವನನ್ನೇ ಮೊಣಕಾಲ ಮೇಲೆ ಕೆಡವಿ ಕಿತ್ತುಕೊಂಡು ಬಂತು, ಕುರಿಗಳು ಸಾಲಾಗಿ ನಿಂತ ಹಿರಿಯರತ್ತಲೇ ನೇರ ನುಗ್ಗಿದವು, ಬೆನ್ನ ಹಿಂದಿನ ದನಿಗೆ ಅವರನ್ನು ದಾಟಿಯೇ ಹೋಗಬೇಕು, ಆಗ ನರಸಣ್ಣ, ಹೆಣ್ಣಮಕ್ಕಳಿಗೆ ಎಲ್ಲೀ ಕುರಿ ಅಂದ ಅದೇ ನರಸಣ್ಣ, ದಾರಿ ಬಿಡ್ರಲೇ, ಸೊಸಿ ಕುರಿ ಬರಾಕತ್ತಾವ — ಧೋತರ ಮೇಲೆ ಹಿಡಿದು ಒಂದು ಕಾಲು ಎತ್ತಿದ, ಕೆಳಗೆ ಕುರಿ ಹೋಯಿತು, ಇನ್ನೊಂದು ಕಾಲು ಎತ್ತಿದ, ಮರಿ ಹೋಯಿತು, ಎತ್ತಿದ ಕಾಲು, ಕೆಳಗೆ ಕುರಿ, ಎತ್ತಿದ ಕಾಲು…