ರೋಮನ್ ಸಿಪಾಯಿಯ ಜೇಬು

ಜೇಬಿಲ್ಲದ ಬಟ್ಟೆ ಹೊಲಿಯುವುದು ದರ್ಜಿಯಮ್ಮನ ಜಾಯಮಾನದಲ್ಲೇ ಇರಲಿಲ್ಲ. ಗಿರಾಕಿಗಳು ಬೇಡವೆಂದರೂ ಬಿಡುವವಳಲ್ಲ. ಹೆಂಗಸರ ಬಟ್ಟೆಗೆ ಜೇಬು ಯಾಕೆ ಎಂದವರಿಗೆ, ಹೆಂಗಸರಿಗೆ ಕೈಯಿಲ್ಲವೇ ಎಂದು ತಿರುಗಿಸಿ ಕೇಳುವಳು. ಮನೆಯಲ್ಲಿ ಅತ್ತೆಯ ನೈಟಿಗೂ ಎಡಗಡೆ, ಕೈ ಸಲೀಸಾಗಿ ಹೋಗುವಂತೆ ಓರೆಯಾಗಿ, ಒಂದೊಂದು ಜೇಬು. ಅತ್ತೆ ಅದರಲ್ಲಿ ಕನ್ನಡಕ, ಮೊಬೈಲು, ಒಮ್ಮೊಮ್ಮೆ ಒಂದು ಹಸಿ ಆಲೂಗಡ್ಡೆಯನ್ನೂ ಇಟ್ಟುಕೊಂಡು ಓಡಾಡುತ್ತಿದ್ದರು. ಹಾಸ್ಟೆಲಿನ ಅಡುಗೆಮನೆಯಲ್ಲಿ ಆಯುಷ್ಯ ಕಳೆದವರು, ಆಲೂಗಡ್ಡೆ ಬೀಳದ ಅಡುಗೆ ಅವರ ಲೆಕ್ಕದಲ್ಲಿ ಅಡುಗೆಯೇ ಅಲ್ಲ.

ಇಂಥ ದರ್ಜಿಯಮ್ಮನಿಗೆ ಒಂದು ಹುಚ್ಚಿತ್ತು, ಹಳೆಯ ರೋಮಿನ ಕಥೆಗಳದ್ದು. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಮಷೀನಿನ ಮೇಲೆ ಬಟ್ಟೆ, ಪಕ್ಕದಲ್ಲಿ ಮೊಬೈಲು. ಆ ಮೊಬೈಲಿನಲ್ಲಿ ರೋಮಿನ ಕಾದಂಬರಿ ಓದುವವರ ಗುಂಪೊಂದಿತ್ತು. ಅಲ್ಲಿ ಯಾರಿಗೂ ಸ್ವಂತ ಹೆಸರಿಲ್ಲ, ಯಾರ ನಂಬರೂ ಕಾಣದು. ಇವಳು ರೋಮಿನ ಹಿರಿಯರ ಸಭೆಯ ಸದಸ್ಯರಂತೆ 'ಸೆನೆಟರ್' ಎಂದು ಹೆಸರಿಟ್ಟುಕೊಂಡಿದ್ದಳು. ಎಲ್ಲರೂ ಯಾರೋ ಬೋಳುತಲೆಯ ಪ್ರೊಫೆಸರ್ ಇರಬೇಕೆಂದು 'ಸರ್' ಅನ್ನುತ್ತಿದ್ದರು. ಪುಕ್ಕಟೆ ಸಿಕ್ಕ ಮರ್ಯಾದೆಯನ್ನು ಯಾರು ಬೇಡವೆಂದಾರು? ಇವಳೂ ಸುಮ್ಮನಿದ್ದಳು.

ಅಬ್ಬಾ, ಅಲ್ಲಿಯ ಜಗಳಗಳೋ! ಚಕ್ರವರ್ತಿ ಕೆಟ್ಟದ್ದು ತನ್ನಿಂದಲೋ ಅಮ್ಮನಿಂದಲೋ ಎಂದು ವಾರಗಟ್ಟಲೆ ಕಿತ್ತಾಡುವರು. ಯಾವನೋ ಕಾದಂಬರಿಕಾರ ಸೆನೆಟಿನಲ್ಲಿ ಕಾಫಿ ಕುಡಿಸಿದನೆಂದು ಊಟ ಬಿಟ್ಟು ಬಯ್ಯುವರು. ಈಗ ತಮ್ಮದೇ ಕಥೆಗಳ ಪುಸ್ತಕವೊಂದನ್ನು ತರಲು ಹೊರಟಿದ್ದರು. ಅದಕ್ಕೊಂದು ನಿಯಮ: ಕಥೆಯಲ್ಲಿ ಆ ಕಾಲಕ್ಕೆ ಇರದ ವಸ್ತು ಒಂದು ಸಿಕ್ಕರೂ ಸಾಕು, ರೋಮನ್ನರು ಅಪರಾಧಿಗಳನ್ನು ಸಿಂಹದ ಬಾಯಿಗೆ ದೂಡುತ್ತಿದ್ದಂತೆ, ಹಿಡಿದವರು 'ಸಿಂಹಕ್ಕೆ' ಎಂದು ಬರೆದುಬಿಟ್ಟರೆ ಆ ಕಥೆ ಪುಸ್ತಕದಿಂದ ಹೊರಗೆ. ನಿಯಮ ಮಾಡಿದವಳು ನಮ್ಮ ಸೆನೆಟರೇ, ಅತಿ ಹೆಚ್ಚು ಕಥೆಗಳನ್ನು ಸಿಂಹಕ್ಕೆ ಹಾಕಿದವಳೂ ಅವಳೇ.

ಹಾಗೆ ಹೋದದ್ದರಲ್ಲಿ 'ಹೆಬ್ಬಾತು' ಎಂಬುವವರ ಕಥೆಯೂ ಒಂದು. ಹಿಂದೊಮ್ಮೆ ಕತ್ತಲಲ್ಲಿ ಶತ್ರುಗಳು ಗುಡ್ಡ ಹತ್ತಿದಾಗ ಕೂಗೆಬ್ಬಿಸಿ ರೋಮನ್ನು ಉಳಿಸಿದ್ದು ಹೆಬ್ಬಾತುಗಳಂತೆ, ಅದಕ್ಕೇ ಆ ಹೆಸರು. ಮಾತುಮಾತಿಗೂ ನಗಿಸುವವರು, ಯಾವುದೋ ಕಾಲೇಜು ಹುಡುಗ ಎಂದೇ ಎಲ್ಲರ ಎಣಿಕೆ. ಅವರ ಕಥೆಯ ಸಿಪಾಯಿ ಗಡಿಯ ಚಳಿಯಲ್ಲಿ ಕಾವಲು ಮುಗಿಸಿ ಬಂದು, ಕೆಂಡದಲ್ಲಿ ಎರಡು ಆಲೂಗಡ್ಡೆ ಹುದುಗಿಸಿ ಕಾಯುತ್ತಾ ಕೂರುತ್ತಾನೆ. ಆಲೂಗಡ್ಡೆ ಆ ಕಡೆಗೆ ಬಂದದ್ದು ಸಾವಿರ ವರ್ಷ ಕಳೆದು ಇನ್ನೂ ಎಷ್ಟೋ ಕಾಲದ ಮೇಲೆ. ಸೆನೆಟರ್ ಮುಲಾಜಿಲ್ಲದೆ 'ಸಿಂಹಕ್ಕೆ' ಎಂದು ಬರೆದಳು. ಆಮೇಲೆ ಹೆಬ್ಬಾತು ಮಾತೂ ಆಡಲಿಲ್ಲ, ಕಥೆಯನ್ನೂ ಕಳಿಸಲಿಲ್ಲ. ಗುಂಪೇ ಬಿಕೋ ಎನ್ನತೊಡಗಿತು.

ಇನ್ನೊಬ್ಬರ ಕಥೆಯಲ್ಲಿ ಹುಳುಕು ಹುಡುಕುವುದು ಸುಲಭ, ಬರೆದು ನೋಡಲಿ ಎಂದು ಯಾರೋ ಚುಚ್ಚಿದ್ದೇ ತಡ, ದರ್ಜಿಯಮ್ಮನಿಗೆ ಛಲ ಹುಟ್ಟಿತು. ಕದ್ದುಮುಚ್ಚಿ ಬರೆದಳು. ಅವಳ ಕಥೆಯಲ್ಲಿ ಮುದಿಸಿಪಾಯಿಯೊಬ್ಬ ಎಷ್ಟೋ ವರ್ಷದ ಮೇಲೆ ಮನೆಗೆ ಬರುತ್ತಾನೆ. ಬಾಗಿಲು ತೆರೆದ ಹೆಂಡತಿಗೆ ಗುರುತು ಸಿಗದು. ಆತ ಜೇಬಿಗೆ ಕೈಹಾಕಿ ಮಗಳಿಗೆಂದು ಕೆತ್ತಿದ ಮರದ ಕುದುರೆಯನ್ನು ತೆಗೆಯುತ್ತಾನೆ. ಬರೆಯುವಾಗ ಅವಳಿಗೇ ಅಳು ಬಂದಿತ್ತು. ಅಚ್ಚಿನಲ್ಲಿ ಆ ಕಥೆಯನ್ನು ಒಮ್ಮೆ ನೋಡಬೇಕು ಎಂಬ ಆಸೆ ಅವಳನ್ನು ಗಟ್ಟಿಯಾಗಿ ಹಿಡಿದುಕೊಂಡಿತು.

ಬೆಳಿಗ್ಗೆ ಕಳಿಸಿದಳು. ಮಧ್ಯಾಹ್ನದೊಳಗೆ ಹೊಗಳಿಕೆಯ ಸುರಿಮಳೆ. ಸರ್, ಅಳಿಸಿಬಿಟ್ಟಿರಿ ಎಂದರೊಬ್ಬರು. ಗುಂಪು ನಡೆಸುವ ಹಲ್ಲಿನ ಡಾಕ್ಟರು, ರೋಗಿಯ ಬಾಯಿ ತೆರೆಸಿಟ್ಟು ಓದಿ ಮುಗಿಸಿದೆ ಎಂದು ಬರೆದರು. ದರ್ಜಿಯಮ್ಮನ ಕಾಲು ನೆಲದ ಮೇಲಿರಲಿಲ್ಲ. ಆಗ ಅವಳೊಬ್ಬಳಿಗೇ ಕಾಣುವಂತೆ ಹೆಬ್ಬಾತಿನ ಸಂದೇಶ ಬಂತು: 'ಸೆನೆಟರ್ ಸಾಹೇಬರೇ, ಕಥೆ ಚೆನ್ನಾಗಿದೆ. ಸಿಪಾಯಿಯ ಜೇಬು ಎಡಗಡೆಯೋ, ಬಲಗಡೆಯೋ?'

ಮಷೀನು ನಿಂತಿತು. ಅಯ್ಯೋ, ರೋಮನ್ನರಿಗೆ ಎಲ್ಲಿಯ ಜೇಬು! ಲೋಕಕ್ಕೆಲ್ಲ ಜೇಬು ಹಚ್ಚಿದ ಕೈ ಆ ಬಡಪಾಯಿಯ ಅಂಗಿಯನ್ನೂ ಬಿಟ್ಟಿರಲಿಲ್ಲ. ಇನ್ನೇನು, ಒಂದೇ ಒಂದು ಪದ ಬರೆದರೆ ಕಥೆ ಸಿಂಹದ ಪಾಲು. ಆದರೆ ಹೆಬ್ಬಾತು ಗುಂಪಿನಲ್ಲಿ ಏನೂ ಬರೆಯಲಿಲ್ಲ. ಇನ್ನೊಂದು ಸಂದೇಶ ಮಾತ್ರ ಬಂತು: 'ಎಡಗಡೆ, ಓರೆಯಾಗಿ ಹೊಲಿದದ್ದಿರಬೇಕು.'

'ತಾವು ಯಾರು?' ಎಂದು ಕಳಿಸಿದಳು. ಅಡುಗೆಮನೆಯಲ್ಲಿ ಟಿಣ್ ಎಂದಿತು.

ಎದ್ದು ಹೋಗಿ ನೋಡಿದರೆ ಅತ್ತೆ ಆಲೂಗಡ್ಡೆ ಹೆಚ್ಚುತ್ತಾ ಕೂತಿದ್ದರು. ಜೇಬಿನಿಂದ ಮೊಬೈಲು ಇಣುಕುತ್ತಿತ್ತು. ದಿನಾ ಅದೇ ಆಲೂಗಡ್ಡೆ ತಿಂದರೂ ತನಗೆ ಹೊಳೆಯಲಿಲ್ಲವಲ್ಲ, ಅತ್ತೆ ಒಂದು ಜೇಬಿನಲ್ಲೇ ಹಿಡಿದುಬಿಟ್ಟರಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

"ಸಿಂಹಕ್ಕೆ ಹಾಕಲಿಲ್ಲ ಯಾಕೆ ಅತ್ತೆ?"

"ಮನೆ ಮಂದೀನ ಯಾರಾದ್ರೂ ಸಿಂಹಕ್ಕೆ ಹಾಕ್ತಾರೇನೆ?" ಅತ್ತೆ ತಲೆ ಎತ್ತದೆ ಅಂದರು. "ಬೇಜಾರಿಲ್ಲ ಕಣೆ, ನಂದು ತಪ್ಪೇ. ಒಂದೇ ಸಂಕಟ. ಅವತ್ತಿಂದ ನನ್ನ ಸಿಪಾಯಿ ಆ ಚಳೀಲಿ ಹಸ್ಕೊಂಡೇ ಕೂತಿದಾನೆ."

ದರ್ಜಿಯಮ್ಮ ಅತ್ತೆಯ ಪಕ್ಕ ನೆಲದಲ್ಲೇ ಕೂತಳು. ಜೇಬಿನ ವಿಷಯ ಮುಚ್ಚಿಟ್ಟರೆ ಪುಸ್ತಕದಲ್ಲಿ ತನ್ನ ಕಥೆ ಇರುತ್ತದೆ, ಅತ್ತೆಯದು ಇರುವುದಿಲ್ಲ. ಹೆಚ್ಚು ಯೋಚಿಸದೆ ಗುಂಪಿನಲ್ಲಿ ಬರೆದಳು: 'ನನ್ನ ಸಿಪಾಯಿಗೆ ಜೇಬಿದೆ. ನಾನೇ ಸಿಂಹಕ್ಕೆ ಹೊರಟೆ. ಹೋಗುವ ಮುಂಚೆ ಒಂದು ಬೇಡಿಕೆ, ಹೆಬ್ಬಾತಿನ ಸಿಪಾಯಿಗೆ ಯಾರಾದರೂ ಊಟ ಹಾಕಿ. ಮತ್ತೆ, ನಾನು ಸರ್ ಅಲ್ಲ, ಆ ಹೆಬ್ಬಾತಿನ ಸೊಸೆ.'

ಗುಂಪು ಎಂದೂ ಹಾಗೆ ನಕ್ಕಿರಲಿಲ್ಲ. ಒಬ್ಬರು ಮೂಲಂಗಿಯ ಜಾತಿಯ ಟರ್ನಿಪ್ ಗಡ್ಡೆ ಬೇಯಿಸಲಿ ಎಂದರು, ಇನ್ನೊಬ್ಬರು ಬೀನ್ಸ್ ಎಂದರು, ಅದಕ್ಕೂ ಜಗಳ ಹತ್ತಿತು. ಕೊನೆಗೆ ಹಲ್ಲಿನ ಡಾಕ್ಟರು ತೀರ್ಪಿತ್ತರು: ಸಿಂಹಕ್ಕೆ ಹಲ್ಲುನೋವು, ಇನ್ನು ಮೇಲೆ ಅದು ತಪ್ಪನ್ನಷ್ಟೇ ತಿನ್ನುತ್ತದೆ, ಕಥೆಯನ್ನಲ್ಲ. ಎರಡನ್ನೂ ತಿದ್ದಿ ಕಳಿಸಿ.

"ಹಾಗಾದ್ರೆ ಕುದುರೆ ಎಲ್ಲಿಡಲಿ ಅತ್ತೆ?"

"ಹೊದ್ದಿರೋ ಬಟ್ಟೆ ತುದೀಲಿ ಗಂಟು ಹಾಕ್ಸು. ಗಂಟು ಬಿಚ್ಚೋಕೆ ಹೊತ್ತು ಹಿಡಿಯುತ್ತೆ. ಹೆಂಡ್ತಿ ನೋಡ್ತಾ ನಿಂತಿರ್ತಾಳೆ. ಮುಖ ಮರೆತ್ರೂ ಆ ಬೆರಳು ಮರೆಯಲ್ಲ ಅವಳು."

ಮಾವ ತೀರಿಹೋಗಿ ಎಷ್ಟೋ ವರ್ಷವಾಗಿತ್ತು. ದರ್ಜಿಯಮ್ಮ ಹಾಗೇ ಬರೆದಳು, ಕಥೆ ಮೊದಲಿಗಿಂತ ಚೆನ್ನಾಯಿತು. ಆಮೇಲೆ ಇಬ್ಬರೂ ಕೂಡಿ ಅತ್ತೆಯ ಸಿಪಾಯಿಗೆ ಕೆಂಡದಲ್ಲಿ ಟರ್ನಿಪ್ ಸುಟ್ಟುಕೊಟ್ಟರು. ರುಚಿ ಗೊತ್ತಿಲ್ಲದೆ ಬರೆಯುವುದು ಹೇಗೆಂದು ಪೇಟೆಯಿಂದ ತಂದು ಒಲೆಯ ಮೇಲೂ ಸುಟ್ಟರು.

ಸಂಜೆ ಕನ್ನಡಕದಂಗಡಿ ಮುಚ್ಚಿ ಬಂದ ದರ್ಜಿಯಮ್ಮನ ಗಂಡ ತಟ್ಟೆ ನೋಡಿ ಮುಖ ಹುಳ್ಳಗೆ ಮಾಡಿ, ಆಲೂಗಡ್ಡೆ ಎಲ್ಲಿ ಎಂದು ಕೇಳಿದ.

"ಇನ್ನೂ ಬಂದಿಲ್ಲ," ಅಂದಳು ಹೆಂಡತಿ.

"ಇನ್ನೂ ಸಾವಿರ ವರ್ಷ ಆಗುತ್ತೆ ಕಣೋ, ತಿನ್ನು," ಅಂದರು ಅಮ್ಮ.