ಗುರುತಿನ ಚಿಂದಿ

ಸಿದರಾಯ ಅರಿಶಿನದ ಹಸಿ ಭಂಡಾರವನ್ನು ಸತ್ತ ತಮ್ಮ ಅಮಸಿದ್ದಪ್ಪನ ಹಣೆಗೆ ಮೆತ್ತಿ, ಅದರ ನಟ್ಟನಡುವೆ ನಾಣ್ಯವೊಂದನ್ನು ಹೆಬ್ಬೆರಳಿನಿಂದ ಅದುಮಿ ಹಿಡಿದ. ಅಂಟಿಕೊಂಡಿತೆಂದು ಖಾತ್ರಿಯಾದ ಮೇಲೆಯೇ ಕೈ ತೆಗೆದ. ಗೋಡೆಗೆ ಒರಗಿಸಿ ಕೂರಿಸಿದ್ದ ಹೆಣದ ಕಾಲ ಬಳಿ ಇದ್ದ ಅವನ ಹೆಂಡತಿ ಸೋಮವ್ವ ಆಗ ತಲೆ ಎತ್ತಿದಳು. ಎತ್ತಿದವಳಿಗೆ ಅಳು ಅಲ್ಲಿಗೇ ನಿಂತುಹೋಯಿತು.

ಅದು ರೂಪಾಯಿ ಅಲ್ಲ. ಕಪ್ಪಾದ ಹಳೆಯ ಬೆಳ್ಳಿ, ಅಂಚಿನಲ್ಲಿ ಸಣ್ಣದೊಂದು ತೂತು.

"ಭಾವಾರ, ಇದು ಎಲ್ಲಿ ಸಿಕ್ತು?"

"ಅಂಗಡಿ ಗಲ್ಲಾದ ಮ್ಯಾಲ ಇತ್ತು. ನಾಲ್ಕೂರಿನ ಹಳೇ ನಾಣ್ಯದ ಸಂಘಕ್ಕ ಅಧ್ಯಕ್ಷ ಆದಾಂವ. ಅವನ ಹಣಿಗೆ ಇವತ್ತಿನ ರೂಪಾಯಿ ಹಚ್ಚಿದ್ರ ಮಂದಿ ನಗೂದಿಲ್ಲೇನು?"

ಸೋಮವ್ವ ಎದ್ದು ಮನೆಯ ಮುಂಭಾಗದ ಅಂಗಡಿಗೆ ಹೋದಳು. ನಿನ್ನೆ ಸಂಜೆ ಗಂಡ ಗಾಜು ಕಣ್ಣಿಗೆ ಹಿಡಿದು ಕೂತಿದ್ದವನು ಹಾಗೆಯೇ ಪಕ್ಕಕ್ಕೆ ವಾಲಿದ್ದ. ಅವನು ಕೂರುತ್ತಿದ್ದ ಜಾಗದ ಪಕ್ಕದಲ್ಲಿ ಹಸಿರು ಸೀರೆಯ ಚಿಂದಿಯೊಂದು ಗಂಟು ಬಿಚ್ಚಿ ಬಿದ್ದಿತ್ತು. ಅವಳು ಬಗ್ಗಿ ಅದನ್ನು ಎತ್ತಿಕೊಂಡಳು.

*

ಜಮಖಂಡಿಯ ಆ ಅಂಗಡಿ ಮೊದಲು ಹಳೆಯ ಹಿತ್ತಾಳೆ ಪಾತ್ರೆಗಳದ್ದು. ಪಾತ್ರೆಯ ಜೊತೆ ಬರುತ್ತಿದ್ದ ನಾಣ್ಯಗಳ ಹುಚ್ಚು ಅಮಸಿದ್ದಪ್ಪನಿಗೆ ಹಿಡಿದದ್ದು ಆಮೇಲೆ. ಎಪ್ಪತ್ತೊಂದನೇ ಇಸವಿಯ ಸುಮಾರಿಗೆ ಬನಹಟ್ಟಿಯ ನೇಕಾರ ಚನಮಲ್ಲಪ್ಪ ನೋಡಲು ಕೊಟ್ಟಿದ್ದ ನಾಣ್ಯ ಬೇರೆಯವರ ನಾಣ್ಯಗಳ ಜೊತೆ ಕಲೆತು, ಸೊಲ್ಲಾಪುರದ ಗಿರಾಕಿಯ ಪಾಲಾಯಿತು. ಅಮಸಿದ್ದಪ್ಪ ಸೈಕಲ್ಲು ಮಾರಿ ಸೊಲ್ಲಾಪುರಕ್ಕೆ ಹೋಗಿ ಅದನ್ನು ಬಿಡಿಸಿಕೊಂಡು ಬಂದ. ಬಂದವನೇ ಒಂದು ಪದ್ಧತಿ ಹಾಕಿದ: ಬೆಲೆ ತಿಳಿಯಲೆಂದು ನಾಣ್ಯ ಇಟ್ಟುಹೋಗುವವರು ತಮ್ಮ ಮೈಮೇಲಿನ ಬಟ್ಟೆಯಿಂದ ಒಂದು ಚೂರು ಹರಿದು ಕೊಡಬೇಕು. ನಾಣ್ಯವನ್ನು ಅದರಲ್ಲೇ ಕಟ್ಟಿ ಇಡುವುದು.

ಕುರಿಗಾರರು ಕಂಬಳಿಯ ಎಳೆ ಕಿತ್ತು ಕೊಟ್ಟರು, ನೇಕಾರರು ಧೋತರದ ತುದಿ ಕೊಟ್ಟರು. ಬೀಳಗಿಯ ವಕೀಲರೊಬ್ಬರು ಮಾತ್ರ ಕೋಟು ಹರಿಯಲು ಒಪ್ಪದೆ ಚೀಟಿ ಬರೆದುಕೊಡಿ ಎಂದರು.

"ಓದಾಕ ಬಾರದವ್ರು ಏನ್ ಮಾಡಬೇಕ್ರಿ? ಅರಿವಿ ಎಲ್ಲಾರ ಮೈಮ್ಯಾಲೂ ಐತಿ," ಎಂದು ಅಮಸಿದ್ದಪ್ಪ ಅವರ ನಾಣ್ಯ ಅವರ ಕೈಗೇ ಕೊಟ್ಟು ಕಳಿಸಿದ. ಮುಂದೆ ಅದೇ ವಕೀಲರು ಕರವಸ್ತ್ರದ ಮೂಲೆ ಹರಿದುಕೊಂಡು ಸಂಘಕ್ಕೆ ಬಂದು ಸೇರಿದರು ಅನ್ನಿ.

ಸೋಮವ್ವ ಒಮ್ಮೆ ಚಿಂದಿಗಳನ್ನು ಕಸವೆಂದು ಗುಡಿಸಲು ಹೋದಾಗ ಅವನು ಕೈ ಹಿಡಿದಿದ್ದ.

"ಈ ಚಿಂದಿ ಇರೂತನಕ ಇದು ಅವರದು. ನಾ ಬರೇ ಕಾಯಾಂವ."

*

ಚಿಂದಿ ಹಿಡಿದು ಸೋಮವ್ವ ಬಾಗಿಲಿಗೆ ಬಂದಳು. ಎದುರಿನ ಬೇವಿನ ಮರದ ಕೆಳಗೆ ಹುನ್ನೂರಿನ ಲಗಮವ್ವ ನಿಂತಿದ್ದಳು. ಸೆರಗಿನ ಮೂಲೆ ಹರಿದ ಹಸಿರು ಸೀರೆ. ರೋಗ ಬಂದು ಇಡೀ ಹಿಂಡು ಸತ್ತ ಮೇಲೆ, ಮತ್ತೆ ಕುರಿ ಕಟ್ಟಲು ದೇವರ ಜಗಲಿಯ ನಾಣ್ಯ ತಂದುಕೊಟ್ಟಿದ್ದ ವಿಧವೆ. ಬೆಲೆ ಕೇಳಲು ಬಂದವಳಿಗೆ ಸಾವಿನ ಮನೆ ಎದುರಾಗಿತ್ತು.

ಒಳಗೆ ಅಷ್ಟರಲ್ಲಿ ಸಂಘದ ಕಾರ್ಯದರ್ಶಿ, ಮುಧೋಳದ ಅಂದಾನೆಪ್ಪ ಮಾಸ್ತರರು, ಹೆಣದ ಹಣೆಯತ್ತ ಬಗ್ಗಿ ನೋಡುತ್ತಿದ್ದರು.

"ಇದು ಭಾಳ ಅಪರೂಪದ್ದು. ಮಣ್ಣಾಗ ಹಾಕಬ್ಯಾಡ್ರಿ. ಸಂಘಕ್ಕ ಕೊಡ್ರಿ, ಅಧ್ಯಕ್ಷರ ಹೆಸರಿನ್ಯಾಗ ಇಡ್ತೀವಿ."

ಸಿದರಾಯ ಅಡ್ಡ ಬಂದು ನಿಂತ. "ಹೆಣದ ಹಣಿಗೆ ಕೈ ಹಾಕಾಕ ಬಂದೀರೇನ್ರಿ, ಮಾಸ್ತರ?"

ಹೆಣ ಹೊರುವವರು ಟವೆಲ್ಲು ಹೆಗಲಿಗೆ ಹಾಕಿಕೊಂಡು ಕಾಯುತ್ತಿದ್ದರು. ಭಜನೆಯವರ ತಾಳ ನಿಂತಿತು. ಇನ್ನು ಸ್ವಲ್ಪ ಹೊತ್ತಿಗೆ ನಾಣ್ಯ ಮಣ್ಣು ಸೇರುತ್ತದೆ, ಅದರ ಜೊತೆ ಗಂಡನ ಮಾತೂ ಸೇರುತ್ತದೆ ಎಂದು ಸೋಮವ್ವನಿಗೆ ಹೆದರಿಕೆಯಾಯಿತು. ಅವಳು ಲಗಮವ್ವನ ಕೈ ಹಿಡಿದು ಒಳಗೆ ಕರೆತಂದಳು.

"ಇದು ಇವರದು, ಭಾವಾರ."

ಲಗಮವ್ವ ನಾಣ್ಯ ನೋಡಿದಳು, ಸುತ್ತಲಿನ ಮುಖಗಳನ್ನೂ ನೋಡಿದಳು. ಮೆಲ್ಲಗೆ, "ಇರಲಿ ಬಿಡ್ರಿ ಅಕ್ಕಾರ. ಹಚ್ಚಿದ್ದು ಹಚ್ಚಿದ್ದಾತು," ಎಂದಳು.

"ಕೇಳಿದಿಲ್ಲೋ? ಆಕೀನ ಹೂಂ ಅಂದ್ಲು," ಎಂದ ಸಿದರಾಯ. "ಏಳ್ರಿ, ಎತ್ರಿ."

ಆದರೆ ಲಗಮವ್ವ ಸೆರಗಿನ ಹರಿದ ಮೂಲೆಯನ್ನು ಮುಷ್ಟಿಯಲ್ಲಿ ಹಿಂಡಿ ಹಿಡಿದದ್ದನ್ನು ಸೋಮವ್ವ ಕಂಡಿದ್ದಳು. ಗಂಡನ ಪಕ್ಕ ಮಂಡಿಯೂರಿ ಕುಳಿತು, ತಂಬಿಗೆಯ ನೀರಿನಲ್ಲಿ ಬೆರಳದ್ದಿದಳು.

"ಸೋಮವ್ವ, ಹಚ್ಚಿದ್ದು ತಗದ್ರ ಮನಿಗೆ ಛಲೋ ಆಗೂದಿಲ್ಲ. ನಿನಗ ಮಗ ಅದಾನ, ನೆನಪಿರಲಿ," ಎಂದ ಸಿದರಾಯ.

ಅವಳು ತಿರುಗಿ ನೋಡಿದಳು. ಮಗ ಬಾಗಿಲ ಬಳಿ ತಲೆ ತಗ್ಗಿಸಿ ನಿಂತಿದ್ದ.

"ಮಂದೀದು ಮಣ್ಣಿಗೆ ಹಾಕಿದ್ರ ಛಲೋ ಆಕ್ಕೈತೇನ್ರಿ?" ಎಂದಳು.

ಒದ್ದೆ ಬೆರಳನ್ನು ನಾಣ್ಯದ ಸುತ್ತ ಸವರಿದಳು. ಒಣಗಿದ ಭಂಡಾರ ನೆನೆದು ನಾಣ್ಯ ಸಡಿಲವಾಯಿತು. ಅದನ್ನು ತೊಳೆದು, ಹಸಿರು ಚಿಂದಿಯಲ್ಲಿ ಗಂಡ ಹಾಕುತ್ತಿದ್ದ ಹಾಗೆಯೇ ಎರಡು ಗಂಟು ಹಾಕಿ ಲಗಮವ್ವನ ಅಂಗೈಯಲ್ಲಿಟ್ಟಳು. ಆಮೇಲೆ ಅಂದಾನೆಪ್ಪನವರ ಕಡೆ ತಿರುಗಿದಳು.

"ಮಾಸ್ತರ, ಅವರು ಇದ್ದಿದ್ರ ಖರೆ ಬೆಲಿ ಹೇಳ್ತಿದ್ರು. ಈಗ ನೀವು ಹೇಳ್ರಿ, ಎಲ್ಲಾರ ಮುಂದ."

ಮಾಸ್ತರರ ಮುಖ ಕೆಂಪಾಯಿತು. ಬೇಕಾದ ವಸ್ತುವಿನ ಬೆಲೆಯನ್ನು ನಾಲ್ಕು ಜನರೆದುರು ಹೇಳುವುದು ಯಾವ ಸಂಗ್ರಹಕಾರನಿಗೂ ಹಲ್ಲು ಕಿತ್ತ ಹಾಗೆ. ಅವರು ಹೆಣದ ಮುಖವನ್ನೊಮ್ಮೆ ನೋಡಿ, ಲಗಮವ್ವನ ಕಡೆ ತಿರುಗಿದರು.

"ಸತ್ತ ಹಿಂಡು ಪೂರಾ ತಿರುಗಿ ಬರ್ತೈತಿ ತಂಗಿ. ಅದಕ್ಕಿಂತ ಕಡಿಮಿ ಯಾರು ಕೇಳಿದ್ರೂ ಕೊಡಬ್ಯಾಡ. ನಾ ಕೇಳಿದ್ರೂ ಕೊಡಬ್ಯಾಡ."

ಲಗಮವ್ವ ಆಗ ಅತ್ತಳು. ಕೊನೆಗೆ ಸಿದರಾಯ ಕಿಸೆಯಿಂದ ರೂಪಾಯಿಯೊಂದನ್ನು ತೆಗೆದು ತಮ್ಮನ ಹಣೆಗೆ ಹಚ್ಚಿದ. ಹಳೆಯ ನಾಣ್ಯ ಬಿಟ್ಟುಹೋಗಿದ್ದ ಗುರುತಿಗಿಂತ ರೂಪಾಯಿ ಚಿಕ್ಕದು, ಸುತ್ತಲೂ ಒಂದಿಷ್ಟು ಅಂಚು ಖಾಲಿ ಉಳಿಯಿತು.

"ಆತಿಲ್ಲೋ, ಇನ್ನ ಎತ್ರಿ," ಎಂದ.

"ತಡೀರಿ ಭಾವಾರ."

ಸೋಮವ್ವ ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿ ಎಳೆದಳು. ಕೆಂಪು ದಡಿಯ ಒಂದು ಚೂರು ಕೈಗೆ ಬಂತು. ಅದನ್ನು ಗಂಡನ ತಣ್ಣನೆಯ ಮಣಿಕಟ್ಟಿಗೆ ಸುತ್ತಿ ಎರಡು ಗಂಟು ಬಿಗಿದಳು.

ಹೊತ್ತವರು ಓಣಿಯ ತಿರುವು ದಾಟುವಾಗ ಅಮಸಿದ್ದಪ್ಪನ ಕೈ ಚೆಂಡುಹೂಗಳ ಮಾಲೆಯಿಂದ ಹೊರಗೆ ಜಾರಿತ್ತು. ಬಾಗಿಲಲ್ಲಿ ನಿಂತವಳಿಗೆ ಅಷ್ಟು ದೂರದಿಂದಲೂ ಆ ಕೆಂಪು ಚಿಂದಿ ಕಾಣುತ್ತಿತ್ತು.