ಚಂದ್ರವಿಲಾಸದ ಜಾಲರಿ

"ಕಿತ್ತ ಒಗೀರಿ ಅದನ್ನ!" ಎಂದು ಗೋದಾಬಾಯಿ ಅಂದದ್ದೇ ತಡ, ಮೊಮ್ಮಗಳು ವೃಂದಾಳಿಗೆ ಕುಡಿಯುತ್ತಿದ್ದ ಚಹಾ ನೆತ್ತಿಗೇರಿತು.

ಅಜ್ಜಿಯನ್ನು ಧಾರವಾಡದಿಂದ ಹುಬ್ಬಳ್ಳಿಯ ಚಂದ್ರವಿಲಾಸ ನಾಟಕಗೃಹದವರೆಗೆ ಕಾರಿನಲ್ಲಿ ಕೂಡಿಸಿಕೊಂಡು ಬಂದದ್ದೇ ಅಲ್ಲಿಯ ಹಳೆಯ ಜಾಲರಿಯನ್ನು ಉಳಿಸಲಿಕ್ಕೆ. ಹಳೆಯ ಕಟ್ಟಡಗಳನ್ನು ದುರಸ್ತಿ ಮಾಡಿಸುವುದು ವೃಂದಾಳ ಕಸುಬು; ಇದರ ಕೆಲಸವೂ ಅವಳ ಕೈಯಲ್ಲೇ ಇತ್ತು. ನೂರು ವರ್ಷದ ಹಿಂದೆ ಹತ್ತಿ ವ್ಯಾಪಾರಿಯೊಬ್ಬರು ನಾಟಕದ ಹುಚ್ಚಿಗೆ ಕಟ್ಟಿಸಿದ ಈ ಥಿಯೇಟರಿನಲ್ಲಿ ಅವಳಿಗೆ ಕುದುರೆಲಾಳದ ಆಕಾರದ ಅಟ್ಟ ಇಷ್ಟ. ದನಿ ಮೊಳಗಲೆಂದು ರಂಗದ ಹಲಗೆಗಳ ಕೆಳಗೆ ಹೂತಿಟ್ಟ ಮಣ್ಣಿನ ಗಡಿಗೆಗಳು ಇಷ್ಟ. ಎಲ್ಲಕ್ಕಿಂತ ಇಷ್ಟ, ಹೆಂಗಸರ ಅಟ್ಟದ ಮುಂದಿನ ಸಾಗವಾನಿ ಜಾಲರಿ. ಮೇಲೆ ಕೂತವರು ಕೆಳಗಿನ ಗಂಡಸರ ಕಣ್ಣಿಗೆ ಬೀಳಬಾರದೆಂದು ಮಾಡಿಸಿದ್ದು. ಕೆತ್ತಿದ ಒಂದು ಹೂವಿನ ಹಾಗೆ ಇನ್ನೊಂದು ಹೂವಿಲ್ಲ. ಮಳೆಗಾಲವಿಡೀ ಹಲ್ಲುಜ್ಜುವ ಬ್ರಷ್ ಹಿಡಿದು ಅವಳೇ ಅದರ ಧೂಳು ತೆಗೆದಿದ್ದಳು.

ಕಟ್ಟಿಸಿದವರ ಮೊಮ್ಮಗ, ಟ್ರಸ್ಟಿನ ಅಧ್ಯಕ್ಷ ಗುರುಶಿದ್ದಪ್ಪನಿಗೆ ಜಾಲರಿ ಕಿತ್ತು ಆ ಜಾಗದಲ್ಲಿ ಗಾಜಿನ ಕ್ಯಾಬಿನ್ನು, ಏಸಿ, ಮೆತ್ತನೆಯ ಸೋಫಾ ಬೇಕಾಗಿದ್ದವು. ಅಲ್ಲಿ ಕೂತು ನಾಟಕ ನೋಡಿದ ಹಿರಿಯಳೊಬ್ಬಳು ಬಂದು ಎರಡು ಮಾತು ಹೇಳಿದರೆ ಅವನ ಮನಸ್ಸು ಕರಗೀತೆಂದು ವೃಂದಾ ನಂಬಿದ್ದಳು.

"ಅಜ್ಜಿ, ಏನ್ ಮಾತಾಡ್ತಿ!"

"ಖರೇ ಹೇಳು ಅಂತ ಕರಕೊಂಡ ಬಂದಿ, ಖರೇನ ಹೇಳ್ಲಿಕ್ಕತ್ತೇನಿ. ಮದುವ್ಯಾಗಿ ಬಂದಾಗಿಂದ ಅದರ ಹಿಂದನ ಕೂತೇನಿ. ಒಬ್ಬ ರಾಜಾನ್ನೂ ಪೂರ್ತಿ ನೋಡಲಿಲ್ಲ. ಮೀಸಿ ಕಂಡ್ರ ಕಾಲಿಲ್ಲ, ಕಾಲು ಕಂಡ್ರ ಮೀಸಿ ಇಲ್ಲ. ಯುದ್ಧದಾಗ ಯಾರು ಸತ್ರು ಅಂತ ಮನಿಗೆ ಹೋಗಿ ನಿಮ್ಮಜ್ಜನ್ನ ಕೇಳ್ತಿದ್ದೆ. ಅವರು ಕೆಳಗ ಮೊದಲನೇ ಸಾಲಿನ್ಯಾಗ ಇರ್ತಿದ್ರು, ನಿದ್ದಿ ಹೊಡಕೋತ!"

ಎದುರಿಗೆ ಕೂತಿದ್ದ ಗುರುಶಿದ್ದಪ್ಪ ಹಿಗ್ಗಿಹೋದ. "ಬಾಯಾರು ಛಲೋ ಹೇಳಿದ್ರಿ. ಇನ್ನೊಂದ ಕಪ್ ಚಾ ತರಸ್ಲೇನ್ರಿ?"

ವೃಂದಾ ಸಿಟ್ಟಿನಿಂದ ಎದ್ದಳು. "ಒಂದ್ಸಲ ಮ್ಯಾಲೆ ಬಂದು ನೋಡು. ಆಮ್ಯಾಲೆ ಬೇಕಾದ್ರ ಕೀಳಸು."

ಹೆಂಗಸರ ಮೆಟ್ಟಿಲು ಹಿತ್ತಲ ಓಣಿಯ ಕಡೆಗೆ, ಗಂಡಸರ ಬಾಗಿಲಿಗೆ ಬೆನ್ನು ಮಾಡಿಕೊಂಡಿತ್ತು. ಒಂದೊಂದು ಮೆಟ್ಟಿಲಿಗೂ ಕಟ್ಟಿಸಿದವರನ್ನು ಬೈಯುತ್ತ ಗೋದಾಬಾಯಿ ಹತ್ತಿದಳು. ಮೇಲೆ ಹೋಗಿ, ಯಾರೂ ತೋರಿಸದೆ, ತನ್ನ ಹಳೆಯ ಜಾಗದಲ್ಲಿ ಚಕ್ಕಂಬಕ್ಕಲ ಹಾಕಿ ಕೂತು, ಕುತ್ತಿಗೆ ವಾಲಿಸಿ, ಎಡಗಣ್ಣು ಮುಚ್ಚಿ, ಜಾಲರಿಯ ಒಂದು ತೂತಿಗೆ ಬಲಗಣ್ಣು ಹಚ್ಚಿದಳು.

ಕೆಳಗೆ ಖಾಲಿ ರಂಗದ ಮೇಲೆ ಗುರುಶಿದ್ದಪ್ಪ ಟ್ರಸ್ಟಿನ ಕಾರ್ಯದರ್ಶಿ ಶಿವಯೋಗೀಶನ ಕಿವಿಯಲ್ಲಿ ಏನೋ ಹೇಳುತ್ತಿದ್ದ. ಗಡಿಗೆಗಳು ಅವನ ಪಿಸುಮಾತನ್ನು ಅಟ್ಟಕ್ಕೆ ಎತ್ತಿ ತಂದವು.

"ಮುದುಕಿ ನಮ್ಮ ಕಡೆ ಆತು. ಹುಡುಗಿಗೆ ಒಂದ್ ಶಾಲು ಹೊಚ್ಚಿ ಕಳಸೂಣು. ಮುದುಕಿಗೆ ಒಂದ್ ಬಾಳಿಹಣ್ಣು ಕೊಟ್ರ ಸಾಕು."

"ಸಿಪ್ಪಿ ಸುಲದು ಕೊಡ್ತೀರೋ, ಹಂಗ ಕೊಡ್ತೀರೋ ಗುರುಶಿದ್ದಪ್ಪಾ?" ಜಾಲರಿಯ ಹಿಂದಿನಿಂದ ಗೋದಾಬಾಯಿ ಕೇಳಿದಳು.

ದನಿ ಎಲ್ಲಿಂದ ಬಂತೆಂದು ತಿಳಿಯದೆ ಗುರುಶಿದ್ದಪ್ಪ ಬೆಚ್ಚಿ ಮೇಲಿನ ಹಂಚು ನೋಡಿದ, ಖಾಲಿ ಖುರ್ಚಿಗಳನ್ನು ನೋಡಿದ, ಕೊನೆಗೆ ಗೋಡೆಯ ಮೇಲಿನ ತನ್ನಜ್ಜನ ಫೋಟೋಕ್ಕೆ ಕೈ ಮುಗಿದ.

"ಅವರಿಗೇನ್ ಕೈ ಮುಗೀತೀರಿ? ಮೊದಲ ಹಿಂದಿನ ಕಚ್ಚಿ ಬಿಚ್ಚೇದ, ಕಟ್ಟಿಕೋರಿ!"

ಅವನು ಎರಡೂ ಕೈ ಹಿಂದೆ ಒಯ್ದು ಪರದೆಯ ಮರೆಗೆ ಓಡಿದ. ಗೋದಾಬಾಯಿ ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು.

"ಮರತ ಬಿಟ್ಟಿದ್ದೆ ವೃಂದಾ. ನಾಟಕ ಕಾಣಲಿಲ್ಲ ಅಂದ್ರೂ ಗಂಡಸರು ಕಾಣ್ತಿದ್ರು. ಯಾರದು ಬಕ್ಕತಲಿ, ಯಾರು ಹೆಂಡತಿಗೆ ಕದ್ದು ಚಿರಮುರಿ ತಿಂತಾರ, ಎಲ್ಲಾ ಗೊತ್ತಿತ್ತು ನಮಗ."

ಕೆಳಗಿಳಿದು ಅವಳು ತೀರ್ಮಾನ ಹೇಳಿದಳು. "ಜಾಲರಿ ಇರಲಿ. ಆದ್ರ ಮೊದಲನೇ ದಿನದ ನಾಟಕಕ್ಕ ಅದರ ಹಿಂದ ಗಂಡಸರು ಕೂಡ್ರಲಿ."

ಶಿವಯೋಗೀಶ ಗೊಳ್ಳೆಂದು ನಕ್ಕುಬಿಟ್ಟ. ಕಚ್ಚೆಯ ವಿಷಯ ಊರಿಗೆಲ್ಲ ಹಬ್ಬುವುದಕ್ಕಿಂತ ಇದೇ ವಾಸಿ ಎನಿಸಿ ಗುರುಶಿದ್ದಪ್ಪ ಹೂಂ ಅಂದ.

ದುರಸ್ತಿ ಮುಗಿದು, ದೀಪಾವಳಿ ಕಳೆದ ಮೇಲೆ ಚಂದ್ರವಿಲಾಸ ಮತ್ತೆ ತೆರೆಯಿತು. ಟ್ರಸ್ಟಿನ ಗಂಡಸರು ಸಾಲಾಗಿ ಹಿತ್ತಲ ಮೆಟ್ಟಿಲು ಹತ್ತಿದರು. ಗುರುಶಿದ್ದಪ್ಪನ ರೇಷ್ಮೆ ರುಮಾಲು ಮೇಲಿನ ತೊಲೆಗೆ ಬಡಿದು ಕೆಳಗುರುಳಿತು. "ಏನೂ ಕಾಣವಲ್ತಲ್ರಿ!" ಎಂದು ಅಟ್ಟದಿಂದ ಗೊಣಗಾಟ ಕೇಳಿತು. ಕೆಳಗಿನ ಹೆಂಗಸರು ತಲೆಯೆತ್ತಿ "ಶ್!" ಅಂದರು.

ಪರದೆ ಸರಿಯಿತು. ಕೈಗೆಟುಕುವಷ್ಟು ಹತ್ತಿರ ರಾಜ ಬಂದು ನಿಂತ. ವೃಂದಾ ಪಕ್ಕಕ್ಕೆ ತಿರುಗಿ ನೋಡಿದಳು. ಮೊದಲನೇ ಸಾಲಿನ ನಟ್ಟನಡುವಿನ ಖುರ್ಚಿಯಲ್ಲಿ, ಎದುರಿಗೆ ಏನೇನೂ ಅಡ್ಡವಿಲ್ಲದೆ, ಗೋದಾಬಾಯಿ ಕುತ್ತಿಗೆ ವಾಲಿಸಿ, ಎಡಗಣ್ಣನ್ನು ಬಿಗಿಯಾಗಿ ಮುಚ್ಚಿ, ಬಲಗಣ್ಣೊಂದರಿಂದಲೇ ನೋಡುತ್ತಿದ್ದಳು.